ಹಿಂದಿನ ಗಾಜಿನ ಬಸವಣ್ಣೆವ್ವ

ಪುಣೆಯ ಖಡಕಿ ಸ್ಟೇಷನ್ ದಾಟಿ ಹೋದ ಲೋಕಲ್ ರೈಲಿನ ಸದ್ದು ಇನ್ನೂ ಪೂರ್ತಿ ಅಡಗಿಲ್ಲ. ಬಜಾರಿನ ಹಿಂದಿರುವ ಗ್ಯಾರೇಜಿನ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿದೆ. ಹಿಂದಿನ ಗಾಜು ಇರಬೇಕಾದ ಕಡೆ ದೊಡ್ಡ ಕಂಡಿ. ಡಿಕ್ಕಿಯೊಳಗೆ ಮಂಡಿಯೂರಿ ಕೂತ ಹೆಂಗಸೊಬ್ಬರು ಸೀಟಿನ ಸಂದಿಗೆ ಬೆರಳು ತೂರಿಸಿ, ಜೋಳದಲ್ಲಿಯ ಹರಳು ಆರಿಸುವಂತೆ, ಗಾಜಿನ ಚೂರುಗಳನ್ನು ಹೆಕ್ಕಿ ಪಕ್ಕದ ಡಬ್ಬಿಗೆ ಹಾಕುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ. ತಲೆಗೆ ಬಿಗಿದು ಕಟ್ಟಿದ ವಸ್ತ್ರ. ಚೂರು ಡಬ್ಬಿಗೆ ಬಿದ್ದಾಗಲೆಲ್ಲ ಸಣ್ಣ ಸದ್ದು ಬರುತ್ತದೆ. ನಸುಕಿನ ಈ ಹೊತ್ತಿನಲ್ಲಿ ಅಂಗಳದಲ್ಲಿ ಕೇಳುವುದು ಅದೊಂದೇ.

"ಮುಂದಿನ ಗಾಜು ಒಡದ್ರ ಬಿರುಕು ಬಿಟ್ಟು ಜಾಗಾದಾಗ ಕೂಡತದ್ರಿ. ಹಿಂದಿಂದು ಹಂಗಲ್ಲ. ಒಮ್ಮೆ ಹೋತಂದ್ರ ಕಲ್ಲುಸಕ್ಕರಿ ಪುಡಿ ಆದಂಗ ಆಗತದ. ಸೀಟಿನಾಗ, ಬೆಲ್ಟಿನಾಗ, ಕೂಸಿನ ಆಟಿಗಿ ಸಾಮಾನಿನಾಗ, ಎಲ್ಲಿ ಬೇಕಲ್ಲಿ ಹೊಕ್ಕೊಂಡು ಕುಂತಿರತದ. ಮಷೀನ್ ಹಚ್ಚಿ ಎಳಿತೀನಿ ಖರೆ, ಕಡಿಗೆ ಬೆರಳ ಬೇಕು," ಎನ್ನುತ್ತಾರೆ ಬಸವಣ್ಣೆವ್ವ. ಕೆಲಸದಿಂದ ತಲೆ ಎತ್ತುವುದಿಲ್ಲ.

ಕಾರುಗಳ ಹಿಂದಿನ ಗಾಜು ಬದಲಿಸುವುದು ಅವರ ಉದ್ಯೋಗ. ದಿನಕ್ಕೆ ಒಂದು ಗಾಡಿ, ಹೆಚ್ಚೆಂದರೆ ಎರಡು. ಮಳೆಗಾಲದ ಮುಂಚಿನ ಈ ಮೇ ತಿಂಗಳಲ್ಲಿ ಕೆಲಸ ಜಾಸ್ತಿ. ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ತಿರುಗುತ್ತಿದ್ದವರಿಗೆಲ್ಲ ಮೋಡ ಕಂಡ ಕೂಡಲೇ ಗಾಜಿನ ನೆನಪಾಗುತ್ತದೆ. ಚೆಂಡು ಬಡಿದು ಒಡೆದವು, ಹಿಂದಕ್ಕೆ ಸರಿಸುವಾಗ ಕಬ್ಬಿಣದ ಸಳಿಗೆ ತಾಗಿ ಒಡೆದವು, ಗೋದಾಮಿನ ಮೇಲಿನಿಂದ ತೆಂಗಿನಕಾಯಿ ಚೀಲ ಉರುಳಿ ಒಡೆದವು, ಎಲ್ಲವೂ ಬರುತ್ತವೆ. ಈ ಬಿಳಿ ಕಾರಿನದು ಬೇರೆಯೇ ಕಥೆ. ನಿಗಡಿಯಲ್ಲಿ ಹೋಟೆಲು ನಡೆಸುವ ತನಿಯಪ್ಪನವರು ದೊಡ್ಡ ಇಡ್ಲಿ ಪಾತ್ರೆಯನ್ನು ಡಿಕ್ಕಿಗೆ ತುರುಕಿ, ಬಾಗಿಲು ಕೂರಲಿಲ್ಲವೆಂದು ಮೈಭಾರ ಹಾಕಿ ಒತ್ತಿದರು. ಪಾತ್ರೆಯ ಮುಚ್ಚಳದ ಹಿಡಿ ಗಾಜಿಗೆ ತಾಗಿತು. "ಇಡ್ಲಿಗೆ ಏನೂ ಆಗ್ಲಿಲ್ಲ ಅಂತ ಅವರಿಗೆ ಸಮಾಧಾನ," ಎಂದು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ರಾಮಲಿಂಗಪ್ಪನವರು ನಗುತ್ತಾರೆ.

ರಾಮಲಿಂಗಪ್ಪ ಬಸವಣ್ಣೆವ್ವನ ಗಂಡ. ಎರಡು ವರ್ಷದ ಹಿಂದಿನವರೆಗೆ ಗ್ಯಾರೇಜಿನಲ್ಲಿ ಗಾಜು ಕೂರಿಸುವ ಈ ಮೂಲೆಯ ಯಜಮಾನಿಕೆ ಅವರದು. ಹಳೆಯ ಗಾಜಿನ ಅಂಚು ಕೀಳುವಾಗ ಬಲಗೈ ಹೆಬ್ಬೆರಳಿನ ಬುಡದಲ್ಲಿ ನರ ಕತ್ತರಿಸಿತು. ಗಾಯ ಮಾಯಿತು, ಬೆರಳು ಮಾತ್ರ ಮಡಚಲಿಲ್ಲ. ಗಾಜು ಕೂರಿಸುವ ಕಪ್ಪು ಅಂಟನ್ನು ಪಿಸ್ತೂಲಿನಂಥ ಗನ್ನಿಗೆ ಹಾಕಿ ಕುದುರೆ ಒತ್ತಿ ಹೊರಡಿಸಬೇಕು. ಹೆಬ್ಬೆರಳಿಲ್ಲದೆ ಅದು ಆಗುವ ಕೆಲಸವಲ್ಲ.

"ಮೊದಲ ನಾ ಸಾಹೇಬ, ಇಕಿ ಹೆಲ್ಪರ್. ಈಗ ಉಲ್ಟಾ ಆಗ್ಯದ. ಹೆಲ್ಪರಗ ಚಾ ಸೈತ ಟೈಮಿಗೆ ಕೊಡಂಗಿಲ್ಲ ನೋಡ್ರಿ ನಮ್ಮ ಸಾಹೇಬರು."

"ಸಾಹೇಬ ಇದ್ದಾಗ ನೀವು ನನಗ ಯಾವತ್ ಚಾ ಕೊಟ್ಟಿದ್ರಿ?" ಡಿಕ್ಕಿಯೊಳಗಿಂದ ಉತ್ತರ ಬರುತ್ತದೆ.

ಬಸವಣ್ಣೆವ್ವ ಹುಟ್ಟಿದ್ದು ಇಂಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಅವರ ತಾಯಿ ಓಣಿಗೆಲ್ಲ ಕೌದಿ ಹೊಲಿದು ಕೊಡುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿಯುವ ಆ ಕೆಲಸ ಮಗಳ ಕೈಗೂ ಬಂತು. ಖಡಕಿಯ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ರಾಮಲಿಂಗಪ್ಪನವರನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ಸೂಜಿ, ದಾರ ಜೊತೆಗೇ ಬಂದವು. ಮನೆಯಲ್ಲೇ ಕೂತು ಕಾರಿನ ಸೀಟ್ ಕವರು ಹೊಲಿದುಕೊಟ್ಟರು. ಹೊಲಿದ ಕವರು ತಲುಪಿಸಲು ಬಂದವರು ಅಂಗಳದಲ್ಲಿ ಒಂದಿಷ್ಟು ಹೊತ್ತು ನಿಂತು ಗಂಡನ ಕೆಲಸ ನೋಡಿದ್ದಿದೆ. ಗಾಜಿನ ಇನ್ನೊಂದು ತುದಿ ಹಿಡಿದು ಎತ್ತಿಕೊಟ್ಟದ್ದಿದೆ. ಗಂಡನ ಬೆರಳು ಹೋದ ಮೇಲೆ ಒಂದು ದಿನ ಗನ್ನು ಕೈಗೆ ತೆಗೆದುಕೊಂಡರು.

ಮೊದಲ ದಿನಗಳು ಸುಲಭವಾಗಿರಲಿಲ್ಲ. ಹೆಂಗಸು ಗಾಜು ಕೂರಿಸುತ್ತಾಳೆಂದು ಗಾಡಿ ತಿರುಗಿಸಿಕೊಂಡು ಹೋದವರಿದ್ದಾರೆ. ರಾಮಲಿಂಗಪ್ಪ ಪಕ್ಕದಲ್ಲಿ ನಿಂತು ಕೈ ಆಡಿಸುತ್ತಿದ್ದರೆ ಮಾತ್ರ ಒಪ್ಪಿದವರೂ ಇದ್ದಾರೆ. ಅದನ್ನೆಲ್ಲ ಬಸವಣ್ಣೆವ್ವ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅವರಿಗೆ ಈಗಲೂ ಚುಚ್ಚುವುದು ತಾವು ಕೂರಿಸಿದ ಎರಡು ಗಾಜುಗಳು. ಹೋದ ಮಳೆಗಾಲದಲ್ಲಿ ಆ ಎರಡೂ ಗಾಡಿಗಳು ಒಳಗೆ ನೀರು ಹಿಡಿದುಕೊಂಡು ವಾಪಸು ಬಂದವು.

"ತಪ್ಪು ನಂದ ಇತ್ರಿ. ಕೌದಿ ಹೊಲಿಯೂಮುಂದ ಮೂಲಿಗೆ ಬಂದ್ರ ಗಂಟ ಹಾಕಿ ದಾರ ಕಡೀತೀವಿ. ಅಲ್ಲಿಂದ ಮತ್ತ ಹೊಸ ದಾರ. ಕೈಗೆ ಅದ ಚಾಳಿ ಬಿದ್ದಿತ್ತು. ಗನ್ ಹಿಡದಾಗೂ ಮೂಲಿಗೊಮ್ಮೆ ನಿಂತೆ, ಉಸಿರು ತಗೊಂಡೆ, ಮತ್ತ ಸುರು ಮಾಡಿದೆ. ನಿಂತಲ್ಲೆಲ್ಲ ಕೂದಲೆಳಿಯಷ್ಟು ಸಂದಿ ಉಳೀತು. ನೀರಿಗೆ ಅಷ್ಟ ಸಾಕಲ್ರಿ."

"ಚಕ್ಲಿ ಒತ್ತಿದಂಗ ಒತ್ತು ಅಂತ ನಾ ಮೊದಲ ಹೇಳಿದ್ದೆ," ಎನ್ನುತ್ತಾರೆ ರಾಮಲಿಂಗಪ್ಪ.

"ನೀವು ಯಾವಾಗ ಚಕ್ಲಿ ಒತ್ತೀರಿ? ಚಕ್ಲಿ ನಡುವ ಕಡದ್ರ ಬೆರಳಲೆ ಕೂಡಸ್ತೀವಿ. ಇದನ್ನ ಕೂಡಸಾಕ ಬರಂಗಿಲ್ಲ."

"ಒತ್ತಾಕ ಬರಲಿಕ್ರ ಏನಾತು, ತಿನ್ನಾಕ ಬರತದ."

ಆ ಎರಡು ಗಾಡಿಗಳ ನಂತರ ಬಸವಣ್ಣೆವ್ವ ಮನೆಯಲ್ಲಿ ಅಭ್ಯಾಸಕ್ಕೆ ಕೂತರು. ಅಂಟು ದುಬಾರಿ. ಖಾಲಿ ಕೊಳವೆಗೆ ಮೈದಾ ಹಿಟ್ಟಿನ ಗಂಜಿ ತುಂಬಿ, ಗುಜರಿಯಿಂದ ತಂದ ಗಾಜನ್ನು ಸ್ಟೂಲಿನ ಮೇಲಿಟ್ಟು, ಎಲ್ಲಿಯೂ ನಿಲ್ಲದೆ ಅದರ ಸುತ್ತ ಗನ್ನು ಹಿಡಿದು ನಡೆದರು. ಕೈ ಓಡಿದಷ್ಟೇ ಕಾಲೂ ಓಡಬೇಕು, ಮೂಲೆಯಲ್ಲಿ ಮೈ ತಿರುಗಿದರೂ ಒತ್ತುವ ಬೆರಳು ಸಡಿಲಬಾರದು. ಮಗಳು ಶೈಲಶ್ರೀ ಬಾಗಿಲಲ್ಲಿ ನಿಂತು, "ಅವ್ವಾ, ಎಷ್ಟ ಪ್ರದಕ್ಷಿಣಿ ಹಾಕ್ತೀ? ದೇವರು ಸುಸ್ತಾಗಿ ಎದ್ದು ಹೋದಾನು," ಎಂದು ಕಾಡುತ್ತಿದ್ದಳಂತೆ. ಅದೇ ಮಗಳು ಸಂಜೆ ತಾಯಿಯ ತಲೆ ಬಾಚುತ್ತಾಳೆ. ವಸ್ತ್ರ ಕಟ್ಟಿದ್ದರೂ ಹಣಿಗೆಯಿಂದ ಒಂದೆರಡು ಗಾಜಿನ ಹರಳು ಉದುರದ ದಿನವಿಲ್ಲ.

ಗ್ಯಾರೇಜಿನ ಮಾಲೀಕ ದಿಗಂಬರ, ನಲವತ್ತರ ಒಳಗಿನ ಮರಾಠಿ ಮನುಷ್ಯ. ಬಸವಣ್ಣೆವ್ವನನ್ನು 'ಮಾವಶಿ', ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾನೆ. ಅವನ ತಂದೆಯ ಕಾಲದಿಂದ ರಾಮಲಿಂಗಪ್ಪ ಇಲ್ಲಿದ್ದಾರೆ. ಮಾತು ಬಿರುಸು, ಒಳಗೆ ಕೆಟ್ಟವನಲ್ಲ. ವಿಷಯವನ್ನು ಮುಚ್ಚುಮರೆಯಿಲ್ಲದೆ ಮರಾಠಿಯಲ್ಲಿ ಹೇಳುತ್ತಾನೆ: "ಮಾವಶಿ ಕಷ್ಟಪಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಗಾಡಿಯೊಳಗೆ ನೀರು ಬಂದರೆ ಗಿರಾಕಿ ಅವರನ್ನು ಬೈಯುವುದಿಲ್ಲ, ನನ್ನನ್ನು ಬೈಯುತ್ತಾನೆ. ಎರಡು ಸಲ ಬೈಸಿಕೊಂಡಿದ್ದೇನೆ. ಮೂರನೆಯದು ಸೋರಿದರೆ ಈ ಮೂಲೆ ಪಿಂಪ್ರಿಯಲ್ಲಿ ಗಾಜು ಕೂರಿಸುವ ಸ್ವಪ್ನಿಲ್‌ಗೆ. ಅವನು ವರ್ಷದಿಂದ ಕೇಳುತ್ತಿದ್ದಾನೆ."

ಸೋರಿದ ಆ ಗಾಡಿಗಳ ನಂತರ ಒಂದೂ ವಾಪಸು ಬಂದಿಲ್ಲ. ಆದರೆ ಆಮೇಲೆ ದೊಡ್ಡ ಮಳೆಯೂ ಬಿದ್ದಿಲ್ಲವೆಂದು ದಿಗಂಬರನ ತಕರಾರು. ತನಿಯಪ್ಪನವರ ಹೋಟೆಲಿನ ಎಲ್ಲ ಗಾಡಿಗಳೂ ಬರುವುದು ಇದೇ ಗ್ಯಾರೇಜಿಗೆ. ಅವರ ಗಾಜು ಬಸವಣ್ಣೆವ್ವ ಕೂರಿಸಲಿ, ಗಾಡಿ ಹೊರಡುವ ಮುಂಚೆ ನೀರಿನ ಪರೀಕ್ಷೆ ತಾನೇ ಮಾಡುತ್ತೇನೆ, ಒಂದು ಹನಿ ಒಳಗೆ ಬಂದರೂ ಮಾತು ಮುಗಿಯಿತು ಎಂದು ಅವನು ಹಿಂದಿನ ಸಂಜೆಯೇ ಹೇಳಿ ಹೋಗಿದ್ದಾನೆ. ಮೂಲೆ ಹೋದರೆ ಬಸವಣ್ಣೆವ್ವ ಮತ್ತೆ ಸೀಟ್ ಕವರಿಗೆ. ರಾಮಲಿಂಗಪ್ಪನವರಿಗೆ ಅದೂ ಇಲ್ಲ.

ಚೂರು ಆರಿಸಿ ಮುಗಿದಿದೆ. ಚೌಕಟ್ಟಿನ ಹಳೆಯ ಅಂಟನ್ನು ಉದ್ದ ಚಾಕುವಿನಿಂದ ತೆಳ್ಳಗೆ ಕೆತ್ತುತ್ತಾರೆ. ಪೂರ್ತಿ ಕಿತ್ತರೆ ಲೋಹದ ಬಣ್ಣ ಏಳುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. ಹೊಸ ಗಾಜಿನ ಅಂಚಿಗೆ ಕಪ್ಪು ದ್ರವ ಸವರಿ ಒಣಗಲು ಬಿಡುತ್ತಾರೆ. ಬೆಳಗಾಗುವ ಮುಂಚೆ ಈ ಕೆಲಸಕ್ಕೆ ಇಳಿಯುವುದಕ್ಕೆ ಕಾರಣವಿದೆ. ಬಿಸಿಲೇರಿದರೆ ಕಾರಿನ ತಗಡು ಕಾದು ಅಂಟು ಬೇಗ ಬಿಗಿಯುತ್ತದೆ. ಪಕ್ಕದವರು ಗ್ರೈಂಡರ್ ಹಚ್ಚಿದರೆ ಧೂಳು ಬಂದು ಕೂರುತ್ತದೆ.

ಈಗ ಬಸವಣ್ಣೆವ್ವ ಗನ್ನು ಎತ್ತಿಕೊಳ್ಳುತ್ತಾರೆ. ಗಾಜನ್ನು ಕಂಬಳಿ ಹಾಸಿದ ಮೇಜಿನ ಮೇಲೆ ಮಲಗಿಸಿದ್ದಾರೆ. ಚಪ್ಪಲಿ ಬಿಡುತ್ತಾರೆ. ಕೆಳಗಿನ ಅಂಚಿನ ನಡುವಿನಿಂದ ಹೊರಟ ಕಪ್ಪು ಎಳೆ ಮೊದಲ ಮೂಲೆ ತಿರುಗುತ್ತದೆ, ಎರಡನೆಯದು ತಿರುಗುತ್ತದೆ. ಎಳೆ ಒಂದೇ ದಪ್ಪ, ಒಂದೇ ಎತ್ತರ. ಸುತ್ತು ಬಂದು ಹೊರಟ ಜಾಗಕ್ಕೆ ಸೇರಿದಾಗಲೇ ಅವರು ಉಸಿರು ಬಿಡುವುದು. ಆಮೇಲೆ ಇಬ್ಬರೂ ಹಿಡಿಕೆಯ ರಬ್ಬರು ಬಟ್ಟಲುಗಳನ್ನು ಗಾಜಿಗೆ ಕಚ್ಚಿಸಿ ಎತ್ತುತ್ತಾರೆ. ರಾಮಲಿಂಗಪ್ಪ ಎಡಗೈಯಲ್ಲೇ ಭಾರ ಹೊರುತ್ತಾರೆ. "ನಿಮ್ಮ ಕಡೆ ಒಂದು ಎಳಿ ಕೆಳಗ... ಸಾಕು. ಬಿಡ್ರಿ." ಗಾಜು ಕೂರುತ್ತದೆ. ಮೇಲೆ ಅಡ್ಡಡ್ಡ ಟೇಪು.

ಇನ್ನೊಂದು ಕೆಲಸ ಬಾಕಿ ಇದೆ, ಅದು ಬಸವಣ್ಣೆವ್ವನದೇ ರೂಢಿ. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಬಾಗಿಲುಗಳ ಹಿಡಿಕೆಗೆ ಹಳೆಯ ಕೌದಿಯಿಂದ ಹರಿದ ಬಟ್ಟೆಯ ಪಟ್ಟಿಯನ್ನು ಕಟ್ಟುತ್ತಾರೆ. ಅಂಟು ಹಸಿಯಿದ್ದಾಗ ಕಿಟಕಿ ಮುಚ್ಚಿ ಬಾಗಿಲು ಜೋರಾಗಿ ಬಡಿದರೆ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಹೊಸ ಗಾಜನ್ನೇ ನೂಕುತ್ತದೆ. ಪಟ್ಟಿ ಕಟ್ಟಿದ ಗಾಡಿಯ ಬಾಗಿಲು ಮುಟ್ಟಬಾರದು ಎಂಬುದು ಅಂಗಳದಲ್ಲಿ ಎಲ್ಲರಿಗೂ ಗೊತ್ತು.

ಎಲ್ಲರಿಗೂ ಎಂದರೆ ಗ್ಯಾರೇಜಿನವರಿಗೆ. ಬಿಸಿಲು ಏರುವ ಹೊತ್ತಿಗೆ ಇಡ್ಲಿ ಪೊಟ್ಟಣ ಹಿಡಿದು ಬರುವ ತನಿಯಪ್ಪನವರಿಗೆ ಅದು ಗೊತ್ತಿಲ್ಲ.

"ಬರ್ರಿ ಶೆಟ್ಟರ," ಎನ್ನುತ್ತಾರೆ ರಾಮಲಿಂಗಪ್ಪ.

"ಎಷ್ಟು ಸಲ ಹೇಳುದು ಮಾರಾಯ್ರೆ, ನಾನು ಶೆಟ್ಟಿ ಅಲ್ಲ, ಪೂಜಾರಿ. ಪುಣೆಯಲ್ಲಿ ಇಡ್ಲಿ ಬೇಯಿಸಿದವರೆಲ್ಲ ಶೆಟ್ಟಿಯೇ ಅಂತ ಕಾನೂನು ಉಂಟಾ?"

ಬಸವಣ್ಣೆವ್ವ ನಲ್ಲಿಯ ಹತ್ತಿರ ಕೈ ತೊಳೆಯಲು ಹೋಗಿದ್ದಾರೆ. ರಾಮಲಿಂಗಪ್ಪ ಪೊಟ್ಟಣ ಬಿಚ್ಚುತ್ತಿದ್ದಾರೆ. ತನಿಯಪ್ಪ ಹೊಸ ಗಾಜನ್ನು ಕಂಡು ಹಿಗ್ಗಿ, ಡ್ಯಾಶ್‌ಬೋರ್ಡಿನ ಗಣಪತಿಗೆ ತಂದ ಹೂವನ್ನು ಇಡಲು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಹಿಡಿಕೆಯಲ್ಲಿ ಬಣ್ಣದ ಬಟ್ಟೆ. ದೃಷ್ಟಿಯಾಗದಿರಲೆಂದು ಬಸವಣ್ಣೆವ್ವ ಕಟ್ಟಿದ್ದಾರೆ ಎಂದುಕೊಂಡು ಅದನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಕನ್ನಡಿಗೆ ಕಟ್ಟುತ್ತಾರೆ. ಅಂಗಳದ ಧೂಳು ಸೀಟಿಗೆ ಬರುತ್ತಿದೆಯೆಂದು ಕೀಲಿ ತಿರುವಿ ಕಿಟಕಿಗಳನ್ನೆಲ್ಲ ಏರಿಸುತ್ತಾರೆ. ಇಳಿದು, ದಿನವೂ ಮಾಡುವಂತೆ, ಬಾಗಿಲು ಬಡಿಯುತ್ತಾರೆ.

ಸದ್ದಿಗೆ ಬಸವಣ್ಣೆವ್ವ ಒದ್ದೆ ಕೈಯಲ್ಲೇ ಓಡಿ ಬರುತ್ತಾರೆ. ಗಾಜು ಒಡೆದಿಲ್ಲ. ದೂರದಿಂದ ನೋಡಿದರೆ ಏನೂ ಆಗಿಲ್ಲ. ಮೇಲಿನ ಬಲಮೂಲೆಯ ಟೇಪು ಮಾತ್ರ ಸಡಿಲಗೊಂಡು, ಕಪ್ಪು ಗೆರೆಯ ಪಕ್ಕದಲ್ಲಿ ಬಾಳೆನಾರಿನಷ್ಟು ಬೆಳಕು ಕಾಣುತ್ತಿದೆ.

"ಎಂತ ಆಯ್ತು ಅಕ್ಕ? ನಾನು ಎಂತ ಮಾಡಿದೆ?"

"ನೀವೇನ್ ಮಾಡಿಲ್ರಿ ಅಣ್ಣಾರ. ಹೇಳಬೇಕಾಗಿತ್ತು, ಹೇಳಲಿಲ್ಲ. ಅರಿವಿ ಕಟ್ಟೀನಿ, ಎಲ್ಲಾರಿಗೂ ತಿಳೀತದ ಅಂತ ಇದ್ದೆ."

ರಾಮಲಿಂಗಪ್ಪ ದನಿ ತಗ್ಗಿಸುತ್ತಾರೆ. "ಒತ್ತಿ ಮತ್ತ ಟೇಪ್ ಹಚ್ಚು ಬಸವಾ. ಕೂಡತದ. ನಾಳಿ ನೀರ ಹಾಕಿದ್ರೂ ತಡೀತದ."

"ನಾಳಿ ತಡೀತದ್ರಿ. ಅಂಟಿನ ಮ್ಯಾಲ ಕೆನಿ ಕಟ್ಟ್ಯದ ಈಗ. ಒತ್ತಿದ್ರ ತಾಗತದ, ಹಿಡಿಯಂಗಿಲ್ಲ. ಶ್ರಾವಣದಾಗ ಬಿಡತದ."

"ತಗದ್ರ ಗಾಜು ಒಡೀತದ. ಇನ್ನೊಂದು ಗಾಜು ಎಲ್ಲದ?"

ದಿಗಂಬರ ಅಷ್ಟು ದೂರದಲ್ಲಿ ಬೈಕಿನ ಪಕ್ಕ ನಿಂತು ನೋಡುತ್ತಿದ್ದಾನೆ. ಅವನಿಗೆ ಕನ್ನಡ ಬರುವುದಿಲ್ಲ, ಆದರೂ ನಡೆದದ್ದು ತಿಳಿದಿದೆ. ಬಸವಣ್ಣೆವ್ವ ಸೆರಗಿಗೆ ಕೈ ಒರೆಸಿಕೊಂಡು ಪೆಟ್ಟಿಗೆಯಿಂದ ತೆಳುವಾದ ಉಕ್ಕಿನ ತಂತಿ ತೆಗೆಯುತ್ತಾರೆ. ಕೂತ ಅಂಟನ್ನು ಕೊಯ್ಯುವುದಕ್ಕೆ ಇರುವ ತಂತಿ ಅದು. ಸಂದಿಯಿಂದ ಒಂದು ತುದಿ ಒಳಕ್ಕೆ ತೂರಿಸಿ, ತಾವು ಡಿಕ್ಕಿಯೊಳಗೆ ಕೂರುತ್ತಾರೆ. ಹೊರಗೆ ರಾಮಲಿಂಗಪ್ಪ ಮರದ ತುಂಡಿಗೆ ಇನ್ನೊಂದು ತುದಿ ಸುತ್ತಿ ಎಡಮುಷ್ಟಿಯಲ್ಲಿ ಹಿಡಿಯುತ್ತಾರೆ. ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು. ತಂತಿ ಗಾಜಿನ ಅಂಚಿಗೆ ತುಸು ಕಚ್ಚಿದರೂ ಇಡೀ ಗಾಜು ಪುಡಿ.

"ಎಳೀರಿ. ಬಿಡ್ರಿ. ಎಳೀರಿ... ಅಣ್ಣಾರ, ನೀವು ಗಾಜು ಹಿಡೀರಿ. ನಿಮ್ಮ ಇಡ್ಲಿ ತಟ್ಟಿ ಹಿಡದಂಗ ಹಿಡೀರಿ, ವಾರಿ, ಸೊಟ್ಟ ಮಾಡಬ್ಯಾಡ್ರಿ."

"ಇಡ್ಲಿ ಬಿದ್ರೆ ಇನ್ನೊಂದು ಹೊಯ್ಬಹುದು ಅಕ್ಕ. ಇದು ಬಿದ್ರೆ ಹೇಗೆ?" ತನಿಯಪ್ಪನವರ ಹಣೆಯಿಂದ ಬೆವರು ಗಾಜಿನ ಮೇಲೆ ತೊಟ್ಟಿಕ್ಕುತ್ತದೆ.

ತಂತಿ ಕೊನೆಯ ಮೂಲೆ ದಾಟುತ್ತದೆ. ಗಾಜು ಇಡಿಯಾಗಿ ಕೈಗೆ ಬರುತ್ತದೆ. ಮೇಜಿನ ಮೇಲೆ ಅದನ್ನು ಮಲಗಿಸಿದ ಮೇಲೂ ತನಿಯಪ್ಪ ಕೈ ಬಿಡುವುದಿಲ್ಲ. "ಬಿಡ್ರಿ, ಇನ್ನ ನಾ ನೋಡ್ಕೋತೀನಿ," ಎಂದಾಗ ಬಿಡುತ್ತಾರೆ. ಮರುದಿನ ಶಿವಾಜಿನಗರದ ಕಾಲೇಜೊಂದರ ಸಮಾರಂಭಕ್ಕೆ ತಿಂಡಿ ಮುಟ್ಟಿಸಬೇಕಿದೆ ಅವರಿಗೆ. ಅದಕ್ಕೆ ಬೇರೆ ಗಾಡಿ ಗೊತ್ತುಮಾಡುತ್ತೇನೆ ಎಂದು ಹೇಳಿ, ಹೋಗುವಾಗ ಹೋಟೆಲಿಗೆ ಫೋನು ಮಾಡಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾರೆ. ಬಸವಣ್ಣೆವ್ವ ಮತ್ತೆ ಕೆತ್ತುತ್ತಾರೆ, ಒರೆಸುತ್ತಾರೆ, ಬಿಸಿಲು ಇಳಿಯುವ ತನಕ ಕಾಯುತ್ತಾರೆ. ನೆರಳು ಮೂಲೆಗೆ ಬಂದಾಗ ಚಪ್ಪಲಿ ಬಿಟ್ಟು ಎರಡನೆಯ ಸಲ ಗಾಜಿನ ಸುತ್ತ ನಡೆಯುತ್ತಾರೆ. ಗಾಜು ಕೂರಿಸಿ, ಬಾಗಿಲುಗಳಿಗೆ ಪಟ್ಟಿ ಕಟ್ಟಿ, ಈ ಸಲ ಕೀಲಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಾರೆ.

ಮರುದಿನ ಬೆಳಗ್ಗೆ ದಿಗಂಬರ ಎಲ್ಲರಿಗಿಂತ ಮೊದಲೇ ಬಂದು ಪೈಪು ಜೋಡಿಸಿದ್ದಾನೆ. ಬಸವಣ್ಣೆವ್ವ ಮನೆಯಿಂದ ಒಂದು ಬಟ್ಟಲು ಜೋಳದ ಹಿಟ್ಟು ತಂದಿದ್ದಾರೆ. ಡಿಕ್ಕಿಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು, ಒಳಗೆ ಕೂತು ಗಾಜಿನ ಕೆಳಂಚಿನ ಉದ್ದಕ್ಕೂ ಒಣ ಹಿಟ್ಟಿನ ಗೆರೆ ಎಳೆಯುತ್ತಾರೆ. ಗಾಜಿನ ಮೇಲೆ ಸುರಿದ ನೀರು ಎಲ್ಲಿ ಒಳಬಂದರೂ ಇಳಿಯುವುದು ಇಲ್ಲಿಗೇ. ಹನಿ ಬಿದ್ದರೆ ಹಿಟ್ಟಿನಲ್ಲಿ ಗುಳಿ ಕಾಣುತ್ತದೆ. ಪರೀಕ್ಷೆ ಮುಗಿಯುವವರೆಗೆ ಅವರು ಒಳಗೇ ಉಳಿಯುತ್ತಾರೆ.

ದಿಗಂಬರ ನೀರು ಬಿಡುತ್ತಾನೆ. ಮೇಲಿನ ಅಂಚಿಗೆ, ಎಡಕ್ಕೆ, ಕೆಳಕ್ಕೆ. ಬಲಮೂಲೆಗೆ ಬಂದಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಮಳೆ ಹೊಡೆದಂತೆ ಬಿಡುತ್ತಾನೆ. ರಾಮಲಿಂಗಪ್ಪ ಸ್ಟೂಲಿನಿಂದ ಎದ್ದು ನಿಂತಿದ್ದಾರೆ. ನೀರಿನ ಆಚೆ ಗಾಜಿನೊಳಗೆ ಬಸವಣ್ಣೆವ್ವನ ಮುಖ ಕಾಣುವುದಿಲ್ಲ, ಕೆಂಪು ಅಂಗಿಯ ಬಣ್ಣವಷ್ಟೇ ಅಲುಗುತ್ತದೆ. ಅಂಗಳದಲ್ಲಿ ಕೆಸರಾಗುವವರೆಗೆ ದಿಗಂಬರ ನಿಲ್ಲಿಸುವುದಿಲ್ಲ.

ನಲ್ಲಿ ನಿಂತ ಮೇಲೆ ಅವನೇ ಪಕ್ಕದ ಬಾಗಿಲು ತೆಗೆದು ಬಗ್ಗಿ ನೋಡುತ್ತಾನೆ. ಹಿಟ್ಟಿನ ಗೆರೆ ಎಳೆದಂತೆಯೇ ಇದೆ. ಬಲಮೂಲೆಯ ಹಿಟ್ಟನ್ನು ಬೆರಳಲ್ಲಿ ಚಿವುಟಿ ಊದುತ್ತಾನೆ. ಹಿಟ್ಟು ಹಾರಿ ಬಸವಣ್ಣೆವ್ವನ ಮುಖಕ್ಕೆ ಬೀಳುತ್ತದೆ.

"ಕೋರಡಾ," ಎನ್ನುತ್ತಾನೆ. ಒದ್ದೆಯಾಗಿಲ್ಲ, ಒಣದಾಗಿದೆ ಎಂಬುದಕ್ಕೆ ಮರಾಠಿ ಮಾತು. ಕಿಸೆಯಿಂದ ಫೋನು ತೆಗೆದು ಸ್ವಪ್ನಿಲ್‌ಗೆ ಹಚ್ಚುತ್ತಾನೆ. ಮೂಲೆ ಖಾಲಿ ಇಲ್ಲ, ಬೇರೆ ಕಡೆ ನೋಡಿಕೋ ಎಂದು ಅಲ್ಲೇ, ಎಲ್ಲರ ಮುಂದೆ ಹೇಳುತ್ತಾನೆ. ನಿನ್ನೆ ಒತ್ತಿ ಟೇಪು ಹಚ್ಚಿದ್ದರೆ ತನಗೂ ಇಂದು ಗೊತ್ತಾಗುತ್ತಿರಲಿಲ್ಲ ಎಂದು ಆಮೇಲೆ ರಾಮಲಿಂಗಪ್ಪನವರ ಹತ್ತಿರ ಒಪ್ಪಿಕೊಳ್ಳುತ್ತಾನೆ. ಬಸವಣ್ಣೆವ್ವನ ಎದುರಿಗೆ ಅದನ್ನು ಆಡುವುದಿಲ್ಲ.

ಬಸವಣ್ಣೆವ್ವ ಮುಖ ಒರೆಸಿಕೊಂಡು ಡಿಕ್ಕಿಯಿಂದ ಇಳಿಯುತ್ತಾರೆ. ಗಂಡ ತಾನೇ ಹೋಗಿ ತಂದ ಚಹಾ ಕೈಗೆ ಕೊಡುತ್ತಾರೆ. ಅರ್ಧ ಕುಡಿದು, ಲೋಟ ಹಿಡಿದುಕೊಂಡೇ ತಮ್ಮ ಕೆಲಸದ ಮೂಲೆಯ ಮೇಲೆ ಕಣ್ಣಾಡಿಸಿ, ದಿಗಂಬರನನ್ನು ಕರೆದು ಮರಾಠಿಯಲ್ಲಿ ಏನೋ ಕೇಳುತ್ತಾರೆ. ಅವನು ನೋಡೋಣ ಎನ್ನುತ್ತಾನೆ. ನೋಡುವುದಲ್ಲ, ಮಳೆ ಬರುವುದರೊಳಗೆ ಆಗಬೇಕು ಎನ್ನುತ್ತಾರೆ ಇವರು. ಅವನು ತಲೆ ಕೆರೆದುಕೊಂಡು, ಗೋಡೆಯಿಂದ ಹೆಜ್ಜೆ ಹಾಕಿ ಅಳೆಯಲು ಶುರು ಮಾಡುತ್ತಾನೆ.

ಏನು ಕೇಳಿದಿರಿ ಎಂದರೆ ಬಸವಣ್ಣೆವ್ವ ನಗುತ್ತಾರೆ.

"ಮಳಿ ಬಂದ್ರ ಮೇಜಿನ ಮ್ಯಾಲ ಹನಿ ಬೀಳತಾವ್ರಿ. ಇಷ್ಟ ದಿನ ಕೊಡಿ ಹಿಡಕೊಂಡು ಮಾಡಿದೆ, ಕೇಳಾಕ ಬಾಯಿ ಬರಲಿಲ್ಲ. ಯಾವತ್ ಏಳಸ್ತಾರೋ ಅನ್ನೋ ಜಾಗಾಕ್ಕ ಏನ್ ಕೇಳೂದು? ಇವತ್ತ ಕೇಳಿದೆ. ಮ್ಯಾಲಿನ ಸೂರಿಗೆ ಎರಡು ತಗಡು ಮುಂದ ಹಾಕಂದೆ."